ಹಕ್ಕಿಗೇಟಿನ ಚಿಲಕ

ಮಾರ್ಚ್ ೨೬, ಮಂಗಳವಾರ. ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಹೆಸ್ಟರ್ ಬ್ಲೈತ್ ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಹಿಂದಿನ ದಿನ ಅವಳ ಗಂಡನನ್ನು ಮಣ್ಣು ಮಾಡಿದ್ದರು. ನೆಂಟರೆಲ್ಲ ರಾತ್ರಿಯೇ ಹೊರಟುಹೋಗಿದ್ದರು. ಬೆಳಿಗ್ಗೆ ಎದ್ದವಳು ಉಳಿದಿದ್ದ ಹ್ಯಾಮ್ ಸ್ಯಾಂಡ್‌ವಿಚ್ಚುಗಳನ್ನು ಕಸದ ಡಬ್ಬಿಗೆ ಸುರಿದು, ಡಬ್ಬಿಯನ್ನು ರಸ್ತೆ ಬದಿಗೆ ಇಟ್ಟು, ಬಸ್ಸು ಹಿಡಿದು ಬಂದಿದ್ದಳು.

ಇನ್‌ಸ್ಪೆಕ್ಟರ್ ಡೆರಿಕ್ ಥರ್ಟಲ್ ಕಾರಿನಿಂದ ಇಳಿಯುತ್ತಲೇ ಅವಳನ್ನು ಗುರುತಿಸಿದ. ಹಿಂಬಾಗಿಲಿನಿಂದ ಹೋಗಬಹುದಿತ್ತು ಎಂದುಕೊಂಡ. ರೋವನ್ ಬ್ಲೈತ್ ಸಾವಿನ ಕಡತಕ್ಕೆ ‘ಆಕಸ್ಮಿಕ’ ಎಂದು ಬರೆದು ಸಹಿ ಹಾಕಿದ್ದವನು ಅವನೇ.

“ದೂರು ಕೊಡಬೇಕು,” ಅಂದಳು ಹೆಸ್ಟರ್.

“ಯಾರ ಮೇಲೆ, ಮಿಸೆಸ್ ಬ್ಲೈತ್?”

“ಗೊತ್ತಿಲ್ಲ. ಅದನ್ನ ಕಂಡುಹಿಡಿಯೋದು ನಿಮ್ಮ ಕೆಲಸ ಅಂದ್ಕೊಂಡಿದ್ದೆ.”

ಒಳಗೆ ಕಾನ್‌ಸ್ಟೇಬಲ್ ಕಾರೀನ್ ಲಾರ್ಟರ್ ಟೀ ತಂದಿಟ್ಟಳು. ಹೆಸ್ಟರ್ ಅದನ್ನು ಮುಟ್ಟಲಿಲ್ಲ. ಥರ್ಟಲ್ ಕಡತ ತೆರೆದ. ಅದರಲ್ಲಿದ್ದದ್ದು ಇಷ್ಟು: ರೋವನ್ ಬ್ಲೈತ್, ಮೂವತ್ತನಾಲ್ಕು ವರ್ಷ, ಶಾಲೆಯಲ್ಲಿ ಇತಿಹಾಸದ ಮೇಷ್ಟ್ರು. ಶನಿವಾರ ಬಂದರೆ ಸೈಕಲ್ ಹತ್ತಿ ನಾರ್ಫೋಕ್ ಸೀಮೆಯ ಹಳೆಯ ಚರ್ಚುಗಳನ್ನು ಸುತ್ತುವುದು ಅವನ ಅಭ್ಯಾಸ. ಮಾರ್ಚ್ ೯ರ ಶನಿವಾರ ಆಸ್ಟಲ್‌ಹ್ಯಾಮ್ ಊರಿನ ಚರ್ಚಿಗೆ ಹೋದವನು ಮನೆಗೆ ಮರಳಲಿಲ್ಲ. ಮರುದಿನ ತಾಯಂದಿರ ಭಾನುವಾರ, ಚರ್ಚಿನಲ್ಲಿ ಅಮ್ಮಂದಿರಿಗೆ ಹೂವು ಕೊಡುವ ದಿನ. ಹೂವು ಜೋಡಿಸಲು ಬೆಳಿಗ್ಗೆಯೇ ಹೋದ ಮಿಸೆಸ್ ಡೇನ್ಸ್ ಎಂಬಾಕೆಗೆ ಅವನು ತಲೆ ಒಡೆದು ಕಲ್ಲುಹಾಸಿನ ಮೇಲೆ ಬಿದ್ದಿದ್ದು ಕಂಡಿತು. ಚರ್ಚಿನ ನಡುವೆ, ಪೂಜಾಸ್ಥಳದ ಮುಂದೆ, ಸಂತರ ಚಿತ್ರಗಳಿರುವ ಒಂದು ಮರದ ಅಡ್ಡತೆರೆ. ಅದರ ಪಕ್ಕದ ಗೋಡೆಯೊಳಗಿಂದ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಹೋಗಿ ಎರಡಾಳೆತ್ತರದ ಕಿಂಡಿಯಲ್ಲಿ ಕೊನೆಯಾಗುತ್ತದೆ. ಅಲ್ಲಿದ್ದ ಅಟ್ಟ ಯಾವ ಕಾಲದಲ್ಲೋ ಕಿತ್ತುಹೋಗಿದೆ. ಮೆಟ್ಟಿಲ ಬಾಯಿಗೆ ಹಗ್ಗ ಕಟ್ಟಿದೆ. ಸತ್ತವನು ಹಗ್ಗ ದಾಟಿ, ಹತ್ತಿ, ಫೋಟೋ ತೆಗೆಯಲು ಬಗ್ಗಿ, ಬಿದ್ದ.

“ನಿನ್ನೆ ಮಣ್ಣಾದ ಮೇಲೆ ಟೀ ಇಟ್ಟಿದ್ವಿ,” ಅಂದಳು ಹೆಸ್ಟರ್. “ಮಿಸೆಸ್ ಡೇನ್ಸ್ ಬಂದಿದ್ರು. ನನ್ನ ಕೈ ಹಿಡ್ಕೊಂಡು ಹೇಳಿದ್ರು. ‘ಎಂದಿನ ಹಾಗೆ ಹಕ್ಕಿಗೇಟಿನ ಚಿಲಕ ತೆಗೆದೆ ಕಣಮ್ಮ, ಒಳಗೆ ಹೋದ್ರೆ ಹೀಗೆ’ ಅಂತ.”

“ಸರಿ.”

“ಚಿಲಕ ತೆಗೆದೆ ಅಂದ್ರು.”

“ಕೇಳಿಸ್ಕೊಂಡೆ, ಮಿಸೆಸ್ ಬ್ಲೈತ್.”

“ಹಕ್ಕಿ ಒಳಗೆ ಹೋಗದ ಹಾಗೆ ಚರ್ಚಿನ ಮುಂದೆ ಹಾಕಿರೋ ಆ ಬಲೆಗೇಟಿಗೆ ಚಿಲಕ ಇರೋದು ಹೊರಗಡೆ ಮಾತ್ರ. ಹೋದ ವರ್ಷ ನಾನೂ ಅವನ ಜೊತೆ ಹೋಗಿದ್ದೆ, ನೋಡಿದ್ದೀನಿ. ರೋವನ್ ಒಳಗಿದ್ದ. ಚಿಲಕ ಯಾರು ಹಾಕಿದ್ದು?”

ಥರ್ಟಲ್ ಕಡತದ ಹಾಳೆ ತಿರುಗಿಸಿದ. ಮಿಸೆಸ್ ಡೇನ್ಸ್ ಹೇಳಿಕೆ ಅರ್ಧ ಪುಟ ಇತ್ತು. ಚಿಲಕದ ಮಾತು ಅದರಲ್ಲಿರಲಿಲ್ಲ.

“ಗಾಳಿಗೆ ಬಿದ್ದಿರಬಹುದು,” ಅಂದ.

“ಗಾಳಿ ಚಿಲಕ ಹಾಕುತ್ತಾ?”

ಲಾರ್ಟರ್ ಕಿಟಕಿಯ ಕಡೆ ನೋಡಿದಳು.

“ಮುಂದಿನ ತಿಂಗಳು ಸಾವಿನ ಕಾರಣ ತೀರ್ಮಾನಿಸೋ ಕರೋನರ್ ವಿಚಾರಣೆ ಇದೆ,” ಹೆಸ್ಟರ್ ದನಿ ಏರಿಸಲಿಲ್ಲ. “ಹತ್ತಬಾರದ ಕಡೆ ಹತ್ತಿ ತನ್ನ ತಪ್ಪಿಂದ ತಾನೇ ಸತ್ತ ಅಂತ ಬರೀತಾರೆ. ರೋವನ್ ಅಮ್ಮ ಈಗಾಗ್ಲೇ ಹಾಗೇ ಹೇಳ್ಕೊಂಡು ತಿರುಗ್ತಿದ್ದಾರೆ. ನಾನು ಜೊತೇಲಿ ಹೋಗಿದ್ರೆ ತಡೀತಿದ್ದೆ ಅಂತನೂ ಸೇರಿಸ್ತಾರೆ. ಅದು ನಿಜ ಆಗಿದ್ರೆ ಬರೀಲಿ. ಸುಳ್ಳಾಗಿದ್ರೆ ನಾನು ಬರೆಯೋಕೆ ಬಿಡಲ್ಲ.”

“ನಿಮ್ಮ ಗಂಡನಿಗೆ ಯಾರ ಜೊತೆಗಾದ್ರೂ ದ್ವೇಷ?”

“ಹನ್ನೆರಡು ವರ್ಷದ ಮಕ್ಕಳಿಗೆ ಪಾಠ ಹೇಳ್ತಿದ್ದ.”

“ಜಗಳ?”

“ತಪ್ಪು ಕಂಡ್ರೆ ಸುಮ್ಮನಿರೋಕೆ ಬರ್ತಿರಲಿಲ್ಲ ಅವನಿಗೆ. ಹೋಟೆಲಿಗೆ ಹೋದ್ರೆ ಮೆನು ತಿದ್ದಿ ವಾಪಸ್ ಕೊಡೋನು. ನನ್ನನ್ನೂ ತಿದ್ದೋನು.” “ಇದನ್ನೂ ಬರ್ಕೊಳ್ಳಿ,” ಅಂದಳು.

ಬೆಳಿಗ್ಗೆ ೯.೪೦ಕ್ಕೆ ದೂರು ದಾಖಲಾಯಿತು.

*

ಮಿಸೆಸ್ ಡೇನ್ಸ್ ಬಾಗಿಲನ್ನು ಒಂದು ಗೇಣು ಮಾತ್ರ ತೆರೆದಳು. ಆ ಸಂದಿಯಲ್ಲಿ ನಾಯಿಯ ಮೂತಿ, ಅದರ ಮೇಲೆ ಅವಳ ಮುಖ.

“ಮತ್ತೆ ಬಂದ್ರಾ? ಕಾಲೊರೆಸ್ಕೊಳ್ಳಿ. ಇಲ್ಲ ಬೇಡ, ಒಳಗೆ ಬರೋದೇ ಬೇಡ. ಅಲ್ಲೇ ನಿಂತು ಕೇಳಿ.”

“ಆ ಭಾನುವಾರ ಹಕ್ಕಿಗೇಟಿನ ಚಿಲಕ ಹಾಕಿತ್ತಾ?” ಥರ್ಟಲ್ ಕೇಳಿದ.

“ಹಾಕಿತ್ತು. ಇನ್ನೇನು?”

“ಹೇಳಿಕೆ ಬರ್ಕೊಂಡ ನಮ್ಮ ಹುಡುಗನಿಗೆ ಹೇಳ್ಲಿಲ್ಲ ನೀವು.”

“ನಿಮ್ಮ ಹುಡುಗ ಕೇಳ್ಲಿಲ್ಲ. ‘ಬಾಗಿಲು ತೆರೆದಿತ್ತಾ’ ಅಂದ. ತೆರೆದಿತ್ತು, ನಮ್ಮ ಚರ್ಚಿಗೆ ಬೀಗ ಹಾಕೋ ಪದ್ಧತಿ ಇಲ್ಲ ಅಂದೆ. ಬಾಗಿಲು ಬೇರೆ, ಹಕ್ಕಿಗೇಟು ಬೇರೆ. ಪೇಟೆಯವರಿಗೆ ಅಷ್ಟೂ ತಿಳಿಯಲ್ವಾ?”

“ಖಚಿತವಾಗಿ ಹಾಕಿತ್ತಾ?”

“ನಾನೇನು ಸುಳ್ಳು ಹೇಳ್ತೀನಾ? ಒಂದು ಕೈಲಿ ಬಕೆಟ್ಟು, ಇನ್ನೊಂದು ಕೈಲಿ ಹೂವು. ಹೂವು ಕೆಳಗಿಟ್ಟು ಚಿಲಕ ತೆಗೆದೆ.”

“ಬಂದು ತೋರಿಸಿ.”

ಚರ್ಚು ಊರಿಂದ ದೂರ, ಬೀಟ್ ಗೆಡ್ಡೆಯ ಹೊಲದ ನಡುವೆ ಒಂಟಿಯಾಗಿ ನಿಂತಿತ್ತು. ದಾರಿಯುದ್ದಕ್ಕೂ ಅವಳು ಬೈಯುತ್ತಲೇ ನಡೆದಳು. ಪೊಲೀಸರನ್ನು ಬೈದಳು, ಕೆಸರನ್ನು ಬೈದಳು. ಕ್ಯಾಮೆರಾ ನೇತುಹಾಕಿಕೊಂಡು ಬಂದು, ಮುಂಬಾಗಿಲ ಹತ್ತಿರ ಸೈಕಲ್ ಒರಗಿಸಿ, ಜಮಖಾನದ ಮೇಲೆ ಕೆಸರುಗಾಲು ಇಟ್ಟು, ಡಬ್ಬಿಗೆ ಬಿಡಿಗಾಸು ಹಾಕದೆ ಹೋಗುವವರನ್ನು ಎಲ್ಲರಿಗಿಂತ ಹೆಚ್ಚು ಬೈದಳು. “ಅವರಿಗೆ ದೇವರು ಬೇಡ, ನಾವೂ ಬೇಡ. ಕಿಟಕಿ ಯಾವ ಕಾಲದ್ದು ಅಂತ ಗೊತ್ತಾದ್ರೆ ಸಾಕು.”

ಮುಖಮಂಟಪದ ಬಾಯಿಗೆ ತಂತಿಬಲೆಯ ಗೇಟು. ‘ಒಳಹೊಕ್ಕ ಹಕ್ಕಿ ಹೊರಬರಲಾರದೆ ಸಾಯುತ್ತದೆ, ದಯವಿಟ್ಟು ಗೇಟು ಮುಚ್ಚಿ’ ಎಂದು ಚೆಂದದ ಕೈಬರಹದ ಹಲಗೆ. ಒಳಬದಿಯಲ್ಲಿ ಬರೀ ಬಲೆ. ಚಿಲಕ ಇದ್ದದ್ದು ಹೊರಗೆ. ಹೆಸ್ಟರ್ ಹೇಳಿದ್ದು ಸರಿಯಾಗಿತ್ತು.

ಅಡ್ಡತೆರೆಯ ಮುಂದಿನ ಕಲ್ಲುಗಳನ್ನು ಉಜ್ಜಿ ತೊಳೆದಿದ್ದರು. ಮಿಸೆಸ್ ಡೇನ್ಸ್ ತಾನು ಎಲ್ಲಿ ನಿಂತೆ, ಏನು ಕಂಡೆ, ಎಷ್ಟು ಕೂಗಿಕೊಂಡೆ ಎಂದೆಲ್ಲ ತೋರಿಸಿದಳು. ಬಳಿಕ ನಾಯಿಗೆ ಊಟದ ಹೊತ್ತಾಯಿತು ಎಂದು ದರದರ ಹೊರಟಳು. ಮಂಟಪ ದಾಟಿ, ಹಿಂದಿರುಗಿ ನೋಡದೆ, ಗೇಟು ಎಳೆದು, ಮೊಣಕಾಲಿನಿಂದ ಅದನ್ನು ಒಂದಿಷ್ಟು ಎತ್ತಿ, ಚಿಲಕ ಸರಿಸಿದಳು.

“ಮಿಸೆಸ್ ಡೇನ್ಸ್!”

“ಇನ್ನೇನು?”

“ನಾವಿನ್ನೂ ಒಳಗಿದ್ದೀವಿ.”

ಅವಳು ಗೇಟಿನ ಕಡೆ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು. “ನಾನೆಲ್ಲಿ ಹಾಕ್ದೆ?” ಅಂದಳು. ಮೊದಲ ಬಾರಿಗೆ ಅವಳ ದನಿಯಲ್ಲಿ ಜಗಳವಿರಲಿಲ್ಲ.

ಅವಳು ಚಿಲಕ ತೆಗೆದ ಮೇಲೆ ಲಾರ್ಟರ್ ಹೊರಗೆ ನಿಂತು ತಾನೂ ಹಾಕಲು ನೋಡಿದಳು. ಗೇಟು ಜೋತುಬಿದ್ದಿತ್ತು, ಚಿಲಕ ತೂತಿಗೆ ಸೇರಲೊಲ್ಲದು. ಎಳೆದಳು, ತಳ್ಳಿದಳು, ಉಗುರು ಮುರಿದುಕೊಂಡಳು. ಚರ್ಚು ನೋಡಲು ಬಂದವರು ಇಷ್ಟು ಒದ್ದಾಡುವುದಿಲ್ಲ, ಗೇಟು ಎಳೆದುಕೊಂಡು ಹೋಗುತ್ತಾರೆ.

“ಇದಕ್ಕೆ ಈ ಊರಿನ ಮೊಣಕಾಲೇ ಬೇಕು, ಸರ್,” ಅಂದಳು.

ಥರ್ಟಲ್ ಸ್ಥಳ ಮಹಜರು ಬರೆಸಿದ. ಗೇಟು, ಚಿಲಕ, ಎರಡರ ಅಳತೆ, ಫೋಟೋ. ಬರೆಸುತ್ತ, ಎರಡು ವಾರದ ಹಿಂದೆ ಇದೇ ಗೇಟನ್ನು ತಾನು ಎಷ್ಟು ಸಲ ದಾಟಿರಬಹುದು ಎಂದು ಯೋಚಿಸಿದ.

“ಈ ಚಿಲಕ ಹಾಕೋಕೆ ಬರೋದು ಯಾರಿಗೆಲ್ಲ?” ಮಿಸೆಸ್ ಡೇನ್ಸ್‌ಳನ್ನು ಕೇಳಿದ.

“ನನಗೆ. ಚರ್ಚಿನ ಉಸ್ತುವಾರಿ ನೋಡ್ಕೊಳ್ಳೋ ವಾರ್ಡನ್ ಎಡ್ವಿನ್ ಗಾಟ್ಸ್‌ಗೆ. ಅವನ ತಂಗಿ ಎನಿಡ್‌ಗೆ. ಪಾದ್ರಿಗಳಿಗೆ ಬರಲ್ಲ. ಅವರಿಗೆ ಒಂಬತ್ತು ಚರ್ಚು, ತಿಂಗಳಿಗೊಂದ್ಸಲ ಬಂದು ಮುಖ ತೋರಿಸ್ತಾರೆ.”

“ಆ ಶನಿವಾರ ನೀವೆಲ್ಲಿದ್ರಿ?”

“ನಾರಿಚ್ ಆಸ್ಪತ್ರೇಲಿ, ಗಂಡನ ಪಕ್ಕ. ನರ್ಸನ್ನ ಕೇಳ್ಕೊಳ್ಳಿ. ಎನಿಡ್‌ಗೆ ಸೊಂಟದ ಆಪರೇಷನ್ ಆಗಿ ಕ್ರಿಸ್‌ಮಸ್ಸಿಂದ ಈಚೆಗೆ ಹೊಲ ದಾಟಿಲ್ಲ.” ಮಿಕ್ಕವನ ಹೆಸರನ್ನು ಅವಳು ಹೇಳಲಿಲ್ಲ.

*

ಎಡ್ವಿನ್ ಗಾಟ್ಸ್ ಅಗಲ ಭುಜದ, ಗಂಟುಬೆರಳಿನ ಅರವತ್ತೆಂಟರ ಮನುಷ್ಯ. ಬೋರ್ಡು ಬರೆಯುವುದು ಅವನ ಕಸುಬಾಗಿತ್ತು. ಸುತ್ತಲಿನ ಊರುಗಳಲ್ಲಿ ಪಬ್ಬುಗಳ ಮುಂದೆ ತೂಗುವ ಸಿಂಹ, ನೇಗಿಲು, ರಾಜನ ತಲೆ ಎಲ್ಲ ಅವನ ಕೈಯವೇ. ಒಲೆಯ ಪಕ್ಕದ ಕುರ್ಚಿಯಿಂದ ಅವನು ಏಳಲಿಲ್ಲ.

“ಶನಿವಾರ, ಒಂಬತ್ತನೇ ತಾರೀಖು, ಚರ್ಚಿಗೆ ಹೋಗಿದ್ರಾ?”

“ಇಲ್ಲ.”

“ಎಲ್ಲಿದ್ರಿ?”

“ಇದೇ ಕುರ್ಚೀಲಿ. ಬೆನ್ನು ಹಿಡ್ಕೊಂಡಿತ್ತು.”

“ದಿನವಿಡೀ?”

“ಬೆನ್ನಿಗೆ ಗಡಿಯಾರ ಗೊತ್ತಾಗಲ್ಲ, ಇನ್‌ಸ್ಪೆಕ್ಟರ್.”

ಅಡುಗೆಮನೆಯ ಬಾಗಿಲಲ್ಲಿ ಕೋಲೂರಿ ನಿಂತಿದ್ದ ಎನಿಡ್ ಅಣ್ಣನನ್ನು ಒಮ್ಮೆ ನೋಡಿ ಒಳಗೆ ಹೋದಳು. ನೀರಿನ ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ಅದರಡಿಗೆ ಪಾತ್ರೆಯ ಸದ್ದೇನೂ ಇರಲಿಲ್ಲ.

“ನಿಮ್ಮ ಸಹೋದರಿಯನ್ನೂ ಒಂದು ಮಾತು ಕೇಳ್ತೀವಿ.”

“ಅವಳಿಗೆ ಕಿವಿ ಮಂದ. ಬಾಗಿಲು ಅಲ್ಲಿದೆ.”

ಹೊರಗೆ ಕಾರಿನ ಹತ್ತಿರ ಬಂದಾಗ ಹೊಲದಾಚೆಯಿಂದ ಚರ್ಚಿನ ಗಡಿಯಾರ ಒಂದು ಬಡಿಯಿತು. ಲಾರ್ಟರ್ ಬಾಗಿಲ ಹಿಡಿ ಹಿಡಿದವಳು ಹಾಗೇ ನಿಂತಳು.

“ಸರ್, ಹೆಣ ಸಿಕ್ಕ ದಿನ ರಾತ್ರಿ ಇಲ್ಲಿ ಕಾವಲಿಗೆ ನಾನಿದ್ದೆ.”

“ಗೊತ್ತು. ಚಳಿ ಅಂತ ಆಮೇಲೆ ಒಂದು ವಾರ ಹೇಳ್ತಿದ್ದೆ.”

“ಚಳಿಗಿಂತ ಈ ಗಡಿಯಾರದ ಕಾಟ. ತಲೆ ಮೇಲೇ ಬಡಿಯೋದು. ಸೋಮವಾರ ಬೆಳಗಿನವರೆಗೂ ಬಡೀತು.”

“ಗಡಿಯಾರ ಅಂದ್ಮೇಲೆ ಬಡಿಯುತ್ತೆ.”

“ಇದಕ್ಕೆ ಕೈಯಿಂದ ಕೀ ಕೊಡಬೇಕು, ಸರ್. ಗೋಪುರದ ಕೆಳಗೆ ಇಷ್ಟುದ್ದದ ಹಿಡಿ ನೇತುಹಾಕಿದೆ, ಆಗಲೇ ಚರ್ಚೊಳಗೆ ನೋಡ್ದೆ. ಯಾರು ಕೊಡ್ತಾರೆ? ಯಾವತ್ತು?”

ಥರ್ಟಲ್ ಕಾರಿನಲ್ಲಿ ಕೂತು ಪಾದ್ರಿಗೆ ಫೋನ್ ಮಾಡಿದ. ಪಾದ್ರಿ ಇನ್ನೊಂದು ಊರಿನಲ್ಲಿ ಇನ್ನೊಂದು ಚರ್ಚಿನ ಸೋರುವ ಮಾಡಿನ ಕೆಳಗೆ ನಿಂತಿದ್ದರು. ಅವಸರದಲ್ಲಿದ್ದರು.

“ಗಡಿಯಾರವಾ? ಎಡ್ವಿನ್ ಗಾಟ್ಸ್. ಶನಿವಾರ ಸಂಜೆ ನಾಲ್ಕಕ್ಕೆ, ತಪ್ಪದೆ. ಬೇರೆ ಯಾರನ್ನೂ ಮುಟ್ಟೋಕೆ ಬಿಡಲ್ಲ. ಕೀ ಕೊಡದಿದ್ರೆ ಭಾನುವಾರ ಊಟದ ಹೊತ್ತಿಗೆ ನಿಂತುಹೋಗುತ್ತೆ. ಹೋದ ಚಳಿಗಾಲ ಅವರಿಗೆ ಜ್ವರ ಬಂದಾಗ ಹಾಗೇ ನಿಂತಿತ್ತು. ಊರೆಲ್ಲ ನನಗೆ ಫೋನ್ ಮಾಡಿ ಬೈದ್ರು.”

ಭಾನುವಾರ ಬೆಳಿಗ್ಗೆಯಿಂದ ಬುಧವಾರದವರೆಗೆ ಚರ್ಚು ಪೊಲೀಸರ ವಶದಲ್ಲಿತ್ತು. ಒಳಗೆ ಯಾರೂ ಹೋಗಿರಲಿಲ್ಲ. ಕೀ ಕೊಟ್ಟಿದ್ದರೆ ಶನಿವಾರವೇ ಕೊಟ್ಟಿರಬೇಕು.

“ಎಳೆದು ತರೋಣವಾ, ಸರ್?”

“ತಂದು? ‘ಬೆನ್ನುನೋವು ಅಂತ ಸುಳ್ಳು ಹೇಳಿದ್ರಿ’ ಅನ್ನೋದಾ? ‘ಕೀ ಕೊಟ್ಟು ಬಂದೆ, ಹೆದರಿಕೆಗೆ ಹೇಳ್ಲಿಲ್ಲ’ ಅಂತಾನೆ, ಮುಗೀತು. ಇವನಿಗೂ ಆ ಮೇಷ್ಟ್ರಿಗೂ ಏನು ಸಂಬಂಧ? ಅದು ಬೇಕು.”

*

ಮಾರ್ಚ್ ೨೭. ರೋವನ್ ಕ್ಯಾಮೆರಾ ಅವನ ಪಕ್ಕದಲ್ಲೇ ಬಿದ್ದು ಸಿಕ್ಕಿತ್ತು. ಅದರೊಳಗಿನ ಚಿತ್ರಗಳನ್ನು ಮೊದಲು ಯಾರೂ ಗಮನವಿಟ್ಟು ನೋಡಿರಲಿಲ್ಲ. ಹಳೆಯ ಚರ್ಚು, ಹಳೆಯ ಮರ, ಇನ್ನೇನು ನೋಡುವುದು ಎಂದುಕೊಂಡಿದ್ದರು. ಥರ್ಟಲ್ ಅವನ್ನು ದೊಡ್ಡದಾಗಿ ಮುದ್ರಿಸಿ ಮೇಜಿನ ಮೇಲೆ ಹರಡಿ, ಹೆಸ್ಟರ್‌ಳನ್ನು ಕರೆಸಿದ. ಅವಳೂ ವಿಶ್ವವಿದ್ಯಾಲಯದಲ್ಲಿ ಗಂಡನ ಹಾಗೆ ಇತಿಹಾಸ ಓದಿದವಳು. ಇಬ್ಬರೂ ಭೇಟಿಯಾದದ್ದು ಅಲ್ಲೇ ಎಂದು ಕಡತದಲ್ಲಿತ್ತು.

ಅವಳು ಕೋಟು ಬಿಚ್ಚದೆ ಕೂತು ಒಂದೊಂದೇ ನೋಡಿದಳು.

“ಇವು ಅಡ್ಡತೆರೆ ಮೇಲಿನ ಸಂತರು. ಮುಖಗಳು ಯಾಕೆ ಹೀಗಿವೆ ಅಂತ ಕೇಳ್ಬೇಡಿ, ಎಲ್ಲ ಕಡೆ ಹೀಗೇ. ಹದಿನಾರನೇ ಶತಮಾನದಲ್ಲಿ ಮತ ಬದಲಾಗಿ, ಚಿತ್ರಪೂಜೆ ತಪ್ಪು ಅಂತಾದಾಗ ಚಾಕು ತಗೊಂಡು ಕೆರೆದುಹಾಕಿದ್ರು.”

ಸಾಲಾಗಿ ನಿಂತ ಹೆಣ್ಣುಸಂತರು. ಕೆಂಪು ನಿಲುವಂಗಿ, ಹಸಿರು ನಿಲುವಂಗಿ, ಚಿನ್ನದ ಹೂಬಳ್ಳಿ. ಕತ್ತಿನ ಮೇಲೆ ಬರೀ ಗೀರು ಬಿದ್ದ ಮರ.

ಅವಳ ಕೈ ನಿಂತಿತು. ಕೊನೆಯ ಐದಾರು ಚಿತ್ರಗಳೂ ಒಬ್ಬಳವೇ. ಹೂಬುಟ್ಟಿ ಹಿಡಿದ ಸಂತ ಡೊರೋಥಿ. ಅವಳಿಗೆ ಮುಖವಿತ್ತು.

“ಇದು ಉಳ್ಕೊಂಡಿದೆ,” ಅಂದ ಥರ್ಟಲ್.

“ಉಳ್ಕೊಂಡಿಲ್ಲ. ಹೊಸದು.”

“ಹೇಗೆ ಹೇಳ್ತೀರಿ?”

“ನಗ್ತಿದಾಳೆ. ಹಲ್ಲು ಕಾಣ್ತಿದೆ. ಮುಂದಿನ ಎರಡು ಹಲ್ಲಿನ ನಡುವೆ ಸಂದು ಬೇರೆ. ಆ ಕಾಲದ ಸಂತರು ಹಲ್ಲು ಬಿಡಲ್ಲ, ಇನ್‌ಸ್ಪೆಕ್ಟರ್. ಆದ್ರೆ ಕೆಲಸ ತುಂಬ ಚೆನ್ನಾಗಿದೆ. ಹೋದ ವರ್ಷ ನಾವು ಹೋದಾಗ ಒಳಗೆ ಕತ್ತಲಾಗಿತ್ತು, ಅವನಿಗೂ ಗೊತ್ತಾಗಿರಲಿಲ್ಲ.”

“ಗೊತ್ತಾದ್ರೆ ಏನು ಮಾಡ್ತಿದ್ರು?”

“ಕುಣೀತಿದ್ದ. ಆಮೇಲೆ ಬಿಷಪ್ ಕಚೇರಿಗೆ ಬರೀತಿದ್ದ. ನಾನು ಬೇಡ ಅಂದ್ರೂ ಬರೀತಿದ್ದ.”

“ಬರೆದ್ರೆ?”

“ಬಂದು ಅಳಿಸ್ತಾರೆ. ಕಡ್ಡಿಗೆ ಹತ್ತಿ ಸುತ್ತಿ, ಔಷಧಿ ಅದ್ದಿ, ನಿಧಾನಕ್ಕೆ. ಕೆಳಗಿನ ಹಳೇ ಗೀರು ಕಾಣೋವರೆಗೂ.”

ಅವಳ ಬೆನ್ನ ಹಿಂದೆ ನಿಂತು ಬಗ್ಗಿ ನೋಡುತ್ತಿದ್ದ ಲಾರ್ಟರ್, “ಸರ್, ಈ ಹುಡುಗೀನ ನಾನು ನೋಡಿದ್ದೀನಿ,” ಅಂದಳು. “ನಿನ್ನೆ. ಗಾಟ್ಸ್ ಮನೇಲಿ, ಒಲೆ ಮೇಲಿನ ಕಟ್ಟೇಲಿ. ಬೆಳ್ಳಿ ಕಟ್ಟಿನ ಫೋಟೋ.”

ಥರ್ಟಲ್ ಆ ಕಟ್ಟೆಯ ಎದುರಿಗೇ ನಿಂತಿದ್ದ. ಅವನಿಗೆ ಫೋಟೋ ನೆನಪಾಗಲಿಲ್ಲ.

ಮಧ್ಯಾಹ್ನ ಮತ್ತೆ ಮಿಸೆಸ್ ಡೇನ್ಸ್ ಬಾಗಿಲು. ಥರ್ಟಲ್ ಏನೂ ಹೇಳದೆ ಚಿತ್ರವನ್ನು ಸಂದಿಯಲ್ಲಿ ಹಿಡಿದ. ಅವಳು ಬಹಳ ಹೊತ್ತು ನೋಡಿದಳು. ನಾಯಿಯನ್ನು ಕಾಲಿನಿಂದ ಒಳಗೆ ತಳ್ಳಿದಳು.

“ಜೆನ್ನಿ. ಎಡ್ವಿನ್ ಮಗಳು. ಸಮುದ್ರದಲ್ಲಿ ಈಜೋಕೆ ಹೋದೋಳು ಬರ್ಲಿಲ್ಲ. ಹತ್ತೊಂಬತ್ತು. ಹೆಣವೂ ಸಿಗ್ಲಿಲ್ಲ.”

“ಊರಿಗೆ ಗೊತ್ತಿತ್ತಾ, ಅಡ್ಡತೆರೆ ಮೇಲೆ ಬರೆದಿದ್ದು?”

“ಕಣ್ಣಿದ್ದೋರಿಗೆಲ್ಲ ಗೊತ್ತಿತ್ತು. ಪಾದ್ರಿಗಳು ನೋಡ್ಲಿಲ್ಲ. ಅವರು ನೋಡೋದು ಸೋರೋ ಕಡೆ ಮಾತ್ರ.”

“ನಮಗೆ ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ. ಕೇಳಿದ್ರೂ ಹೇಳ್ತಿರಲಿಲ್ಲ.” ಬಾಗಿಲು ಮುಚ್ಚಿತು. ಒಳಗಿನಿಂದ ಅವಳ ದನಿ: “ಆ ಹುಡುಗ ತಾನಾಗೇ ಬಿದ್ದ ಅಂತ್ಲೇ ಅಂದ್ಕೊಂಡಿದ್ದೆ. ಇದನ್ನ ಬರ್ಕೊಳ್ಳಿ.”

*

ಮಾರ್ಚ್ ೨೮, ಪವಿತ್ರ ವಾರದ ಗುರುವಾರ. ಈಸ್ಟರ್‌ಗೆಂದು ಎಡ್ವಿನ್ ಗಾಟ್ಸ್ ಚರ್ಚಿನೊಳಗೆ ಹಿತ್ತಾಳೆಯ ದೀಪದ ಕಂಬಗಳನ್ನು ಉಜ್ಜುತ್ತಿದ್ದ. ಹೆಜ್ಜೆಯ ಸದ್ದು ಕೇಳಿ ತಲೆಯೆತ್ತದೆಯೇ, “ಗೇಟು ಹಾಕ್ಕೊಂಡು ಬನ್ನಿ,” ಅಂದ. ಲಾರ್ಟರ್ ಹಿಂದಿರುಗಿ ಹೋಗಿ ಎಳೆದು ಬಂದಳು.

ಥರ್ಟಲ್ ಅಡ್ಡತೆರೆಯ ಮುಂದೆ ನಿಂತ. ಈ ಸಲ ಸಾವಕಾಶವಾಗಿ ನೋಡಿದ. ಸಂದುಹಲ್ಲಿನ ಹುಡುಗಿ ಹೂಬುಟ್ಟಿ ಹಿಡಿದುಕೊಂಡು, ಯಾರೋ ಆಗ ತಾನೇ ತಮಾಷೆ ಮಾಡಿದ ಹಾಗೆ, ನಗುತ್ತಿದ್ದಳು.

“ಶನಿವಾರ ಗಡಿಯಾರಕ್ಕೆ ಕೀ ಕೊಟ್ಟಿದ್ದು ಯಾರು, ಮಿಸ್ಟರ್ ಗಾಟ್ಸ್?”

ಉಜ್ಜುವ ಬಟ್ಟೆ ನಿಂತಿತು.

“ನಾನು ಭಾನುವಾರ ರಾತ್ರಿಯೆಲ್ಲ ಕೇಳಿಸ್ಕೊಂಡೆ,” ಅಂದಳು ಲಾರ್ಟರ್.

“ನಾನೇ,” ಅಂದ ಗಾಟ್ಸ್. “ಇನ್ಯಾರು ಕೊಡ್ತಾರೆ?”

ಬಂಧಿಸುತ್ತಿದ್ದೇವೆ ಎಂದು ಥರ್ಟಲ್ ತಿಳಿಸಿದ. ಏನೂ ಹೇಳಬೇಕಾಗಿಲ್ಲ, ಹೇಳಿದ್ದು ನ್ಯಾಯಾಲಯದಲ್ಲಿ ಸಾಕ್ಷಿಯಾಗಬಹುದು ಎಂಬ ಮಾ‍ತುಗಳನ್ನು ಓದಿದ ಹಾಗೆ ಹೇಳಿದ. ಬೆಳಿಗ್ಗೆ ೧೦.೧೫. ಗಾಟ್ಸ್ ಕಂಬವನ್ನು ಅದರ ಜಾಗದಲ್ಲಿಟ್ಟು, ಬಟ್ಟೆ ಮಡಚಿ ಜೇಬಿಗೆ ಹಾಕಿಕೊಂಡ. ತೆರೆಯ ಕಡೆ ನೋಡಲಿಲ್ಲ.

ಠಾಣೆಯಲ್ಲಿ ವಕೀಲರು ಸುಮ್ಮನಿರಿ ಎಂದರೂ ಅವನು ಸುಮ್ಮನಿರಲಿಲ್ಲ.

“ಕೀ ಕೊಟ್ಟು ಕೆಳಗಿಳಿದೆ. ಅವನು ಅವಳ ಮುಖದ ಹತ್ತಿರ ಕೂತಿದ್ದ. ಭೂತಗನ್ನಡಿ ಹಿಡ್ಕೊಂಡು.”

“ಅವನದಾ?”

“ಎನಿಡ್‌ದು. ದಾರಿ ಕೇಳೋಕೆ ನಮ್ಮನೆಗೆ ಬಂದಿದ್ನಂತೆ. ಚಿತ್ರ ನೋಡೋಕೆ ಸಣ್ಣಕ್ಷರ ಓದೋ ಕನ್ನಡಿ ಇದ್ರೆ ಕೊಡ್ತೀರಾ ಅಂದ್ನಂತೆ. ಕೊಟ್ಟಿದ್ದಾಳೆ. ನನ್ನನ್ನ ನೋಡಿದ್ದೇ, ‘ಇದು ಮೋಸ, ಇತ್ತೀಚಿನದು, ಬಣ್ಣ ಇನ್ನೂ ಬಿರುಕು ಬಿಟ್ಟಿಲ್ಲ’ ಅಂದ. ಖುಷೀಲಿ ಹೇಳ್ದ. ನನಗೂ ಖುಷಿ ಆಗುತ್ತೆ ಅನ್ನೋ ಥರ.”

“ನೀವು?”

“ನನ್ನ ಮಗಳು ಅಂದೆ. ಬಿಟ್ಟುಬಿಡಪ್ಪಾ ಅಂದೆ. ‘ಅಯ್ಯೋ ಪಾಪ, ಆದ್ರೂ ಹೇಳ್ಲೇಬೇಕಾಗುತ್ತೆ’ ಅಂದ. ಮೇಲಿಂದ ಒಂದು ಫೋಟೋ ಬೇಕು ಅಂತ ಹಗ್ಗ ದಾಟಿ ಹತ್ತಿದ. ನಾನೂ ಹಿಂದೆ ಹತ್ತಿದೆ. ಹತ್ತುವಾಗ ಇನ್ನೊಂದ್ಸಲ ಕೇಳೋಣ ಅಂತಿದ್ದೆ.”

“ಕೇಳಿದ್ರಾ?”

“ಅವನು ತಿರುಗ್ಲಿಲ್ಲ. ಕ್ಯಾಮೆರಾ ಕಣ್ಣಿಗೆ ಹಿಡ್ಕೊಂಡಿದ್ದ.” ಗಾಟ್ಸ್ ತನ್ನ ಅಂಗೈಯನ್ನು ಮೇಜಿನ ಮೇಲೆ ಮಗುಚಿ ಇಟ್ಟ. “ತಳ್ಳಿದೆ.”

“ಬಿದ್ದ ಮೇಲೆ ಜೀವ ಇತ್ತಾ?”

“ಉಸಿರಾಡ್ತಿದ್ದ.”

“ಎಷ್ಟು ಹೊತ್ತು?”

“ನಾನು ನಿಲ್ಲಲಿಲ್ಲ.”

“ಹೊರಗೆ ಬಂದು ಹಕ್ಕಿಗೇಟಿನ ಚಿಲಕ ಹಾಕಿದ್ರಿ.”

ಗಾಟ್ಸ್ ಹುಬ್ಬು ಗಂಟಿಕ್ಕಿ ಅವನನ್ನು ನೋಡಿದ. ನಿಜಕ್ಕೂ ನೆನಪಿಸಿಕೊಳ್ಳಲು ಹೆಣಗುತ್ತಿದ್ದ. “ಇಲ್ಲ,” ಅಂದ ಕೊನೆಗೆ. “ನಾನು ಏನನ್ನೂ ಮುಟ್ಟಲಿಲ್ಲ. ನೇರ ಮನೆಗೆ ಬಂದೆ.”

ಹೇಳಿಕೆಯ ಕೆಳಗೆ ಅವನು ಬೋರ್ಡು ಬರೆಯುವವನ ದುಂಡು ಅಕ್ಷರದಲ್ಲಿ ಸಹಿ ಹಾಕಿದ. ಯಾಕೆ ಬರೆದಿರಿ ಆ ಮುಖವನ್ನು ಎಂದು ಥರ್ಟಲ್ ಕೇಳಿದ್ದು ಹಾಳೆಯಲ್ಲಿಲ್ಲ, ಆಗ ಪೆನ್ನು ಕೆಳಗಿಟ್ಟಾಗಿತ್ತು. ಮಗಳಿಗೆ ಸಮಾಧಿ ಇರಲಿಲ್ಲ, ಅಂದ ಗಾಟ್ಸ್. ಸಮುದ್ರಕ್ಕೆ ಹೂವು ಎಸೆದರೆ ಅಲೆ ವಾಪಸ್ ತಂದು ಹಾಕುತ್ತಿತ್ತು. ವಾರವಾರ ಕೀ ಕೊಡಲು ಹೋದಾಗ ಆ ಬೋಳು ಜಾಗ ಕಾಣುತ್ತಿತ್ತು. ಮೊದಲು ಕಣ್ಣು ಬರೆದ, ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದ.

*

ಅಕ್ಟೋಬರ್‌ನಲ್ಲಿ ಅವನಿಗೆ ಶಿಕ್ಷೆಯಾಯಿತು. ತಪ್ಪೊಪ್ಪಿಕೊಂಡಿದ್ದರಿಂದ ನಡೆದದ್ದನ್ನೆಲ್ಲ ನ್ಯಾಯಾಲಯದಲ್ಲಿ ಓದಿ ಮುಗಿಸಿದರು. ಎನಿಡ್ ಹಿಂದಿನ ಸಾಲಿನಲ್ಲಿ ಕೂತು ಕೇಳಿದಳು. ಹೊಸ ವರ್ಷದ ಹೊತ್ತಿಗೆ ತಜ್ಞರು ಬಂದು ತೆರೆಯ ಮುಖವನ್ನು ಅಳಿಸುತ್ತಾರೆ ಎಂದು ಪತ್ರಿಕೆಯಲ್ಲಿ ಬಂತು. ಆಸ್ಟಲ್‌ಹ್ಯಾಮ್ ಪಬ್ಬಿನಲ್ಲಿ ಪೊಲೀಸರಿಗೆ ಬಿಯರ್ ಕೊಡುವುದನ್ನು ನಿಲ್ಲಿಸಿದರು.

ರೋವನ್ ವಸ್ತುಗಳನ್ನು ಒಯ್ಯಲು ಹೆಸ್ಟರ್ ಠಾಣೆಗೆ ಬಂದಳು. ಕ್ಯಾಮೆರಾ, ಕೋಟು, ಸೈಕಲ್ಲಿನ ಪಂಪು. ಒಂದೊಂದಕ್ಕೂ ಸಹಿ ಹಾಕಿದಳು. ಭೂತಗನ್ನಡಿ ಕೊನೆಗಿತ್ತು. ಅದನ್ನು ಸುತ್ತಿದ್ದ ಕಾಗದ ಬಿಚ್ಚಿ ನೋಡಿ, “ಇದು ನಮ್ಮದಲ್ಲ,” ಅಂದಳು.

“ನಾವು ಕಳಿಸ್ತೀವಿ.”

“ಬೇಡ. ಕೇಳಿ ತಗೊಂಡಿದ್ದು ಅವನು.”

ಆಸ್ಟಲ್‌ಹ್ಯಾಮಿಗೆ ಬಸ್ಸಿಲ್ಲ. ಥರ್ಟಲ್ ತನ್ನ ಕಾರಿನಲ್ಲಿ ಕರೆದುಕೊಂಡು ಹೋದ. ಪಬ್ಬಿನ ಮುಂದೆ ನಿಂತಿದ್ದ ಇಬ್ಬರು ಗಂಡಸರು ಕಾರು ಹಾದುಹೋಗುವವರೆಗೂ ದಿಟ್ಟಿಸಿದರು, ಒಬ್ಬ ಉಗಿದ. ಗಾಟ್ಸ್ ಮನೆಯ ಬೇಲಿಯ ಹತ್ತಿರ ಥರ್ಟಲ್ ನಿಂತ. ಹೆಸ್ಟರ್ ಹೋಗಿ ಬಾಗಿಲು ತಟ್ಟಿದಳು.

ಎನಿಡ್ ಕೋಲೂರಿ ಬಂದಳು. ಯಾರೆಂದು ಕೇಳಲಿಲ್ಲ, ಒಳಗೆ ಕರೆಯಲೂ ಇಲ್ಲ.

“ನೋಡೋಕೆ ಬಂದ್ಯಾ?”

“ಕೊಡೋಕೆ ಬಂದೆ.”

ಹೆಸ್ಟರ್ ಕನ್ನಡಿಯನ್ನು ಹಿಡಿ ಮುಂದೆ ಮಾಡಿ ಚಾಚಿದಳು. ಎನಿಡ್ ಅದನ್ನೇ ನೋಡುತ್ತ ನಿಂತಳು. ಅವಳ ಕೈ ಕೋಲಿನ ಮೇಲೇ ಇತ್ತು.

“ಒಳ್ಳೇ ಹುಡುಗ. ಬಾಗಿಲಲ್ಲೇ ಬೂಟು ಬಿಚ್ಚಿಟ್ಟ,” ಅಂದಳು. ಆಮೇಲೆ, ಬೇಲಿಯವರೆಗೂ ಕೇಳುವಷ್ಟು ಗಟ್ಟಿಯಾಗಿ, “ಇದನ್ನ ನಾನು ಕೊಡದೇ ಇದ್ದಿದ್ರೆ ಅವನು ಸಂಜೆ ಟೀಗೆ ಮನೇಲಿರ್ತಿದ್ದ.”

ಥರ್ಟಲ್ ಕಾದ. ಇಂಥ ಹೊತ್ತಿನಲ್ಲಿ ಜನ ‘ನಿಮ್ಮ ತಪ್ಪೇನಿಲ್ಲ’ ಅನ್ನುತ್ತಾರೆ, ಅದನ್ನು ಅವನು ಕೆಲಸದಲ್ಲಿ ಬೇಕಾದಷ್ಟು ಸಲ ಕೇಳಿದ್ದ.

“ಹೌದು,” ಅಂದಳು ಹೆಸ್ಟರ್.

ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಎನಿಡ್ ಕೋಲನ್ನು ಬಾಗಿಲಿಗೆ ಒರಗಿಸಿ, ಎರಡೂ ಕೈಯಲ್ಲಿ ಅದನ್ನು ತೆಗೆದುಕೊಳ್ಳುವವರೆಗೂ ಹಾಗೇ ಹಿಡಿದು ನಿಂತಿದ್ದಳು.